ಕಪ್ಪು ಹಲಗೆಯ ಬೆಳಗುಗಳು

ಶಾಲಾ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕಸುಬು. ಬೀದರಿನ ಮನೆಯ ಕೋಣೆಯಲ್ಲಿ ಕುಳಿತು ಹೈದರಾಬಾದು, ಬೆಂಗಳೂರಿನ ಪ್ರಕಾಶಕರಿಗಾಗಿ ಹನ್ನೊಂದು ವರ್ಷಗಳಿಂದ ಬರೆಯುತ್ತಿದ್ದೇನೆ: ಹೃದಯದ ನಾಲ್ಕು ಕೋಣೆಗಳು, ದಾಸವಾಳದ ಸೀಳುನೋಟ, ಹಲ್ಲುಜ್ಜುವ ಹುಡುಗ. ಈ ಕೆಲಸವನ್ನು ಯಾರಾದರೂ ಕೀಳಾಗಿ ಕಂಡರೆ ನನಗೆ ಸಹಿಸಲಾಗುವುದಿಲ್ಲ. ಹೂವಿನ ಒಳಗೆ ಏನಿದೆ ಎಂದು ಎಷ್ಟೋ ಮಕ್ಕಳು ಮೊದಲು ತಿಳಿಯುವುದು ನಮ್ಮ ಗೆರೆಗಳಿಂದಲೇ. ಆದರೂ 2019ರ ದೀಪಾವಳಿಗೆ ಕಪಾಟು ಖಾಲಿ ಮಾಡಿ ಒರೆಸುವಾಗ, ಯಾರೂ ಕೇಳದೆ ನಾನಾಗಿ ಬರೆದ ಚಿತ್ರ ಎರಡು ವರ್ಷಗಳಲ್ಲಿ ಒಂದೂ ಇಲ್ಲವೆಂದು ಗೊತ್ತಾಯಿತು. ಅಂದು ಊಟ ಸೇರಲಿಲ್ಲ.

ಮೊದಲು ಭಾನುವಾರವನ್ನು ನನಗೆಂದು ಮೀಸಲಿಟ್ಟೆ. ಭಾನುವಾರ ಎಂದರೆ ನೆಂಟರು, ಸೀಮಂತ, ಗೃಹಪ್ರವೇಶ, ಇಲ್ಲವೇ ಸೋಮವಾರ ಬೆಳಿಗ್ಗೆಯೇ ಕಳುಹಿಸಬೇಕಾದ ತಿದ್ದುಪಡಿ. ಬಿಡುವು ಸಿಕ್ಕ ದಿನವೂ ಅದೇ ಟ್ಯಾಬ್ಲೆಟ್ ಹಿಡಿದು ಕುಳಿತರೆ, ಕೈ ಅದೇ ದುಂಡು ಮುಖದ ಮಕ್ಕಳನ್ನು ಬರೆಯುತ್ತಿತ್ತು. ಹೊತ್ತನ್ನು ಹಂಚಿಕೊಂಡರೆ ಸಾಲದು, ಕೈಯ ಅಭ್ಯಾಸವನ್ನೇ ಮುರಿಯಬೇಕು ಎಂಬುದು ತಿಳಿದದ್ದು ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಒಂದು ಬಿದ್ರಿ ಅಂಗಡಿಯಲ್ಲಿ.

ಚೌಬಾರ ಗೋಪುರದ ಸುತ್ತಿನ ಹಳೆ ಊರಿನಲ್ಲಿ ಬಿದ್ರಿ ಕೆಲಸದ ಹಿರಿಯರೊಬ್ಬರಿದ್ದಾರೆ. ನಾನು ಅವರನ್ನು ಚಾಚಾ ಎನ್ನುತ್ತೇನೆ. ಒಂದು ಪಾಠಕ್ಕಾಗಿ ಬಿದ್ರಿ ತಯಾರಿಕೆಯ ಹಂತಗಳನ್ನು ಬರೆಯಬೇಕಾಗಿ ಬಂದಾಗ ಅವರ ಬಳಿ ಮೂರು ದಿನ ಕುಳಿತೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯನ್ನು ಅರದಿಂದ ಉಜ್ಜಿದರೆ ಬೆಳ್ಳಗೆ ಹೊಳೆಯುತ್ತದೆ. ಆ ಹೊಳಪಿನ ಮೇಲೆ ಗೀರು ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಮೈಲುತುತ್ತದ ನೀರು ಸವರಿ ಕಪ್ಪು ಮಾಡುತ್ತಾರೆ. ಅದು ಬರೆಯಲಿಕ್ಕಷ್ಟೇ ಬೇಕಾದ ಕಪ್ಪು. ಚೂಪು ಮೊನೆಯಿಂದ ಬಳ್ಳಿ ಬರೆದು, ಉಳಿಯಿಂದ ಕೊರೆದು, ಕೊರೆದಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ ಮತ್ತೆ ಉಜ್ಜಿದಾಗ ಅದು ಅಳಿಯುತ್ತದೆ. ಆಗ ಬೆಳ್ಳಿ ಯಾವುದು, ಸತು ಯಾವುದು ಎಂದು ಹೇಳುವುದು ಕಷ್ಟ. ಅಷ್ಟು ದಿನದ ಕೆಲಸ ಮಾಯವಾದಂತೆ ನನಗೆ ಎದೆ ಧಸಕ್ಕೆಂದಿತು. ಕೊನೆಗೆ ಕೋಟೆಯ ಹಳೆ ಮಣ್ಣನ್ನು ನವಸಾಗರದೊಂದಿಗೆ ಕಲಸಿದ ಬಿಸಿನೀರು ತಾಗಿತು ನೋಡಿ, ಸತುವಿನ ಮೈಯೆಲ್ಲ ಕಪ್ಪಾಯಿತು, ಬೆಳ್ಳಿಗೆ ಏನೂ ಆಗಲಿಲ್ಲ. ಬಳ್ಳಿ ಎದ್ದು ಬಂತು.

ಚಾಚಾ ಹಗಲೆಲ್ಲ ಮಾಡುವುದು ಸಭೆ ಸಮಾರಂಭಗಳ ಸ್ಮರಣಿಕೆಗಳನ್ನು. ಆದರೆ ಗೂಡಿನೊಳಗೆ ಬಟ್ಟೆ ಸುತ್ತಿದ ಒಂದು ತಟ್ಟೆ ಇತ್ತು. ಆಫ್ತಾಬಿ ಕ್ರಮದ್ದು, ಅಂದರೆ ನೆಲವೆಲ್ಲ ಬೆಳ್ಳಿ, ಹೂವು ಕಪ್ಪು. ಯಾರ ಆರ್ಡರು ಎಂದು ಕೇಳಿದೆ. “ನನ್ನದೇ, ಬೇಟಿ. ಉಳಿದ ಚೂರುಗಳಲ್ಲಿ ಮಾಡುತ್ತಿದ್ದೇನೆ. ಮುಗಿಯುವ ತನಕ ಗಿರಾಕಿಗೆ ತೋರಿಸುವುದಿಲ್ಲ. ತೋರಿಸಿದರೆ ಬೆಲೆ ಕೇಳುತ್ತಾರೆ” ಎಂದರು.

ಮರುವಾರದಿಂದ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಟ್ಯಾಬ್ಲೆಟ್ ಮುಟ್ಟುವುದನ್ನು ಬಿಟ್ಟೆ. ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುವುದನ್ನೂ ಬಿಟ್ಟೆ. ಕೆರೆದು ಬರೆಯುವ ಹಲಗೆಯನ್ನು ನಾನೇ ಮಾಡಿಕೊಳ್ಳುತ್ತೇನೆ. ದಪ್ಪ ರಟ್ಟಿಗೆ ಬಿಳಿ ಮೇಣದ ಬಣ್ಣವನ್ನು ಒತ್ತಿ ತಿಕ್ಕಬೇಕು, ಎಲ್ಲಿಯೂ ರಟ್ಟು ಇಣುಕಬಾರದು. ಅದರ ಮೇಲೆ ಇಂಡಿಯನ್ ಇಂಕ್ ಬಳಿದರೆ ಮೇಣದ ಮೇಲಿನ ನೀರಿನಂತೆ ಹನಿಹನಿಯಾಗಿ ಒಡೆಯುತ್ತದೆ. ನನ್ನ ಮೊದಲ ಆರು ಹಲಗೆಗಳು ಹೀಗೆಯೇ ಹಾಳಾದವು. ಇಂಕಿಗೆ ಪಾತ್ರೆ ತೊಳೆಯುವ ದ್ರವಸಾಬೂನಿನ ಒಂದು ಹನಿ ಸೇರಿಸಿದರೆ ಹಿಡಿಯುತ್ತದೆ. ತೆಳುವಾಗಿ ಎರಡು ಸಲ ಬಳಿದು ರಾತ್ರಿಯಿಡೀ ಒಣಗಿಸಿ, ಗೋಣಿಚೀಲ ಹೊಲಿಯುವ ದಬ್ಬಣದಿಂದ ಕೆರೆಯುತ್ತೇನೆ. ಇಲ್ಲಿ ನೆರಳನ್ನು ಬರೆಯಲಾಗುವುದಿಲ್ಲ, ಬೆಳಕನ್ನು ಬರೆಯಬೇಕು. ಕೆರೆದದ್ದನ್ನು ಅಳಿಸಲೂ ಆಗುವುದಿಲ್ಲ. ಹತ್ತು ಸಲ ತಿದ್ದಿ ಕಳುಹಿಸುವ ಕಸುಬಿನವಳಿಗೆ ಇದು ಮೊದಮೊದಲು ಭಯ ಹುಟ್ಟಿಸಿತು. ಆಮೇಲೆ ಆ ಒಂದೂವರೆ ಗಂಟೆಗಾಗಿಯೇ ರಾತ್ರಿ ಬೇಗ ಮಲಗತೊಡಗಿದೆ.

ಚಾಚಾನ ಮಾತನ್ನು ಒಮ್ಮೆ ಮೀರಿದೆ. ಹಲಗೆಯೊಂದರ ಫೋಟೋ ನೋಡಿದ ಪ್ರಕಾಶಕರೊಬ್ಬರು ಅದೇ ಬಗೆಯಲ್ಲಿ 24 ಚಿತ್ರಗಳನ್ನು 20 ದಿನಗಳಲ್ಲಿ ಕೇಳಿದರು. ಮನೆಯಲ್ಲಿ ಹಣದ ತೊಂದರೆ ಇತ್ತು, ಒಪ್ಪಿದೆ. ನನಗೆ ಒಂದು ಹಲಗೆಗೇ ನಾಲ್ಕು ಬೆಳಗು ಬೇಕು. ಹಾಗಾಗಿ ಟ್ಯಾಬ್ಲೆಟ್ಟಿನಲ್ಲಿ ಕಪ್ಪು ತುಂಬಿ ಬಿಳಿ ಗೆರೆ ಎಳೆದು ಕೊಟ್ಟೆ. ಅವು ನೋಡಲು ಚೆನ್ನಾಗಿಯೇ ಇದ್ದವು, ಆದರೆ ಯಾವುದರಲ್ಲೂ ಕೈ ತಡೆದು ನಿಂತ ಗುರುತಿರಲಿಲ್ಲ. ಮುಂದೆ ಮೂರು ತಿಂಗಳು ದಬ್ಬಣ ಹಿಡಿಯಲು ಮನಸ್ಸಾಗಲಿಲ್ಲ. ಮೇಲಾಗಿ ಅವೇ ಚಿತ್ರಗಳು ನನ್ನನ್ನು ಕೇಳದೆ ಡೈರಿಯ ಹೊದಿಕೆಗೂ ಬಂದವು. ಕೇಳೋಣವೆಂದರೆ ಕೈಯಲ್ಲಿ ಕಾಗದವಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಓದಿದ್ದು ಆಗ. ಹಣ ಕೊಟ್ಟು ಬರೆಸಿದ ವರ್ಣಚಿತ್ರ, ಭಾವಚಿತ್ರಗಳ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದ್ದೇ ಎಂದು ಅದರ 17ನೇ ಕಲಮಿನಲ್ಲಿದೆ. ಈ ಒಂದು ಸಾಲು ಚಿತ್ರ ಬರೆಯುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಈಗ ಒಂದು ಪುಟದ ಪತ್ರಕ್ಕೆ ಎರಡೂ ಕಡೆಯ ಸಹಿ ಆಗದೆ ಕೆಲಸ ಶುರು ಮಾಡುವುದಿಲ್ಲ: ಯಾವ ಪುಸ್ತಕಕ್ಕೆ, ಎಷ್ಟು ವರ್ಷಕ್ಕೆ, ಎಷ್ಟು ತಿದ್ದುಪಡಿ, ಮುಂಗಡ ಎಷ್ಟು. ಮುಂಗಡ ಬಂದ ತಿಂಗಳು ಬೆಳಗಿನ ಹೊತ್ತಿಗೆ ಕಸುಬಿನ ಕೆಲಸ ನುಗ್ಗುವುದಿಲ್ಲ. ಹಲಗೆಗಳನ್ನು ಒಂದು ವರ್ಷ ಯಾರಿಗೂ ತೋರಿಸುವುದಿಲ್ಲ.

ಬೆಳಗಿನ ಅಭ್ಯಾಸ ಹಗಲಿನ ಕೆಲಸಕ್ಕೂ ಬಂದಿದೆ. ಮೂಳೆಯ ಕೀಲು ಬರೆಯುವಾಗ ಮೊದಲಿಗಿಂತ ಅರ್ಧದಷ್ಟು ಗೆರೆ ಸಾಕಾಗುತ್ತದೆ.

ಈಗ ಕೋಟೆಯ ರಂಗೀನ್ ಮಹಲನ್ನು ಹಿಡಿದಿದ್ದೇನೆ. ಅಲ್ಲಿ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ನಿಂತ ಜಾಗ ಬದಲಿಸಿದರೆ ಅದರ ಹೊಳಪೂ ಬದಲಾಗುತ್ತದೆ. ಬರೀ ಬಿಳಿಯಿಂದ ಅದನ್ನು ಹಿಡಿಯುವುದು ಹೇಗೆ? ಒತ್ತಾಗಿ ಕೆರೆದರೆ ಸುಣ್ಣದಂತಾಗುತ್ತದೆ, ಬಿಡಿಬಿಡಿಯಾಗಿ ಕೆರೆದರೆ ಮಂಜಿನಂತಾಗುತ್ತದೆ. ಎಂಟು ಹಲಗೆ ಆಯಿತು. ಒಂಬತ್ತನೆಯದಕ್ಕೆ ನಿನ್ನೆ ರಾತ್ರಿ ಮೇಣದಲ್ಲಿ ಚೂರು ನೀಲಿ ಬೆರೆಸಿ ಇಂಕು ಬಳಿದಿದ್ದೇನೆ, ಕಿಟಕಿಯ ಬಳಿ ಒಣಗುತ್ತಿದೆ.