ಡ್ಯಾಂಪರ್ ಕೊಳ್ಳುವ ಮೊದಲು ಟೇಪು ಹಿಡಿಯಿರಿ

ನಮ್ಮ ಮನೆಯ ಜಿಪ್ಸಿ 2004ರದು. ಮೂಡಿಗೆರೆಯಿಂದ ತೋಟಕ್ಕೆ ಗೊಬ್ಬರ ತರಲು, ಮಳೆಗಾಲದಲ್ಲಿ ಕೆಲಸದವರನ್ನು ಲೈನ್ ಮನೆಗೆ ಬಿಡಲು, ಹದಿನೈದು ವರ್ಷ ತಕರಾರಿಲ್ಲದೆ ದುಡಿಯಿತು. ಆಮೇಲೆ ಮಗ ಅದನ್ನು ಎರಡು ಇಂಚು ಎತ್ತರಿಸಿ, 205/70 ಆರ್ 15 ಟೈರುಗಳ ಜಾಗದಲ್ಲಿ 235/75 ಆರ್ 15 ಹಾಕಿಸಿದ. ಟೈರಿನ ವ್ಯಾಸವೇ ಸುಮಾರು 65 ಮಿ.ಮೀ. ಹೆಚ್ಚಾಯಿತು, ತೂಕ ಬೇರೆ. ನೋಡಲು ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಆದರೆ ಕೊಟ್ಟಿಗೆಹಾರದ ಹತ್ತಿರ ಐವತ್ತೈದರ ವೇಗದಲ್ಲಿ ಒಂದು ಗುಂಡಿ ದಾಟಿದ್ದೇ ತಡ, ಸ್ಟೀರಿಂಗ್ ಮೈಮೇಲೆ ದೇವರು ಬಂದವರಂತೆ ನಡುಗತೊಡಗಿತು. ಗಾಡಿ ಪೂರ್ತಿ ನಿಂತ ಮೇಲೆಯೇ ಅದು ಅಡಗಿದ್ದು.

"ಡ್ಯಾಂಪರ್ ಹೋಗಿದೆ ಅಕ್ಕಾ" ಎಂದರು ಗ್ಯಾರೇಜಿನವರು. ಸ್ಟೀರಿಂಗಿನ ರಾಡಿಗೆ ಜೋಡಿಸಿದ, ನಡುಕ ನುಂಗುವ ಎಣ್ಣೆ ತುಂಬಿದ ಕೊಳವೆಯದು. ಹೊಸದು ಹಾಕಿದರು. ಒಂದು ತಿಂಗಳು ಸುಮ್ಮನಿದ್ದು ಮತ್ತೆ ನಡುಕ ಶುರುವಾಯಿತು. ಇನ್ನೊಂದು ಹಾಕಿದರು. ಆ ಎರಡನೆಯದು ಡ್ಯಾಂಪರೇ ಅಲ್ಲ, ಯಾವುದೋ ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರ್ ಎಂದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ನಿಜವಾದ ರೋಗ ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗಿನಲ್ಲಿತ್ತು. ಮುಂದಿನ ಚಕ್ರವನ್ನು ಜ್ಯಾಕಿನಿಂದ ಎತ್ತಿ, ಟೈರಿನ ಮೇಲ್ಭಾಗ ಮತ್ತು ಕೆಳಭಾಗ ಹಿಡಿದು ಅಲ್ಲಾಡಿಸಿದರೆ ಕಟಕಟ ಸದ್ದು ಕೇಳುತ್ತಿತ್ತು. ಹೀಗೆ ಸದ್ದು ಬಂದಾಗ ಒಬ್ಬರು ಬ್ರೇಕ್ ತುಳಿದು ಹಿಡಿಯಲಿ. ಆಗ ಸದ್ದು ನಿಂತರೆ ಚಕ್ರದ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಎಂಡ್, ಲೀಫ್ ಸ್ಪ್ರಿಂಗಿನ ಬುಷ್, ಚಕ್ರದ ಬ್ಯಾಲೆನ್ಸ್ ಇವನ್ನೂ ನೋಡಿಸಿ. ಎತ್ತರಿಸಲು ಉದ್ದನೆಯ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಪಟ್ಟಿ) ಹಾಕಿದ್ದರೆ ಕ್ಯಾಸ್ಟರ್ ಕೋನ, ಅಂದರೆ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಓರೆ, ಕಡಿಮೆಯಾಗಿರುತ್ತದೆ. ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬೆಣೆಯಾಕಾರದ ಶಿಮ್ ಕೊಟ್ಟು ಅದನ್ನು ಸರಿಪಡಿಸಬೇಕು. ಇಷ್ಟೆಲ್ಲ ಮುಗಿಸಿ, ಡ್ಯಾಂಪರ್ ಬಿಚ್ಚಿಟ್ಟು, ಖಾಲಿ ರಸ್ತೆಯಲ್ಲಿ ನಿಧಾನವಾಗಿ ವೇಗ ಏರಿಸುತ್ತಾ ಓಡಿಸಿ ನೋಡಿ. ಆರೋಗ್ಯವಾಗಿರುವ ಗಾಡಿ ಡ್ಯಾಂಪರ್ ಇಲ್ಲದೆಯೂ ನಡುಗುವುದಿಲ್ಲ. ಗುಂಡಿ, ಕಲ್ಲು ಬಡಿದಾಗ ಕೈಗೆ ಬರುವ ಏಟನ್ನು ನುಂಗುವುದಷ್ಟೇ ಡ್ಯಾಂಪರ್ ಕೆಲಸ.

ಬಿಚ್ಚಿದ ಹಳೆಯದನ್ನು ಕೈಯಿಂದ ಎಳೆದು, ಒತ್ತಿ ನೋಡಿ. ಎರಡೂ ಕಡೆಗೆ ಒಂದೇ ಸಮನಾಗಿ, ಜೇನಿನಲ್ಲಿ ಚಮಚ ತಿರುಗಿಸಿದ ಹಾಗೆ ಬಿಗಿಯಿರಬೇಕು. ನಡುವೆ ಎಲ್ಲಾದರೂ ಸಲೀಸಾಗಿ ಜಾರಿದರೆ ಅಥವಾ ಎಣ್ಣೆ ಜಿನುಗಿದ್ದರೆ ಅದರ ಕಥೆ ಮುಗಿದಿದೆ.

ಇನ್ನು ಅಳತೆ. ಅಂಗಡಿಗೆ ಹೋಗಿ "ಜಿಪ್ಸಿಗೆ ಡ್ಯಾಂಪರ್ ಕೊಡಿ" ಎಂದರೆ ಎತ್ತರಿಸದ ಗಾಡಿಯದನ್ನು ಕೊಡುತ್ತಾರೆ. ಅದು ಕೆಲವೊಮ್ಮೆ ಸರಿಹೊಂದುತ್ತದೆ, ಕೆಲವೊಮ್ಮೆ ಇಲ್ಲ. ಡ್ಯಾಂಪರಿನ ಎರಡೂ ತುದಿ ಆಕ್ಸಲ್ ಮತ್ತು ಟೈ ರಾಡಿಗೇ ಕೂತಿದ್ದರೆ ಎಲ್ಲವೂ ಒಟ್ಟಿಗೆ ಮೇಲೆ ಕೆಳಗೆ ಆಡುವುದರಿಂದ ಎತ್ತರ ಲೆಕ್ಕಕ್ಕೆ ಬರುವುದಿಲ್ಲ. ನಮ್ಮದರಲ್ಲಿ ಒಂದು ತುದಿ ಚಾಸಿಗೆ, ಇನ್ನೊಂದು ಸ್ಟೀರಿಂಗಿನ ಚಲನೆಯನ್ನು ಚಕ್ರಕ್ಕೆ ಒಯ್ಯುವ ಡ್ರ್ಯಾಗ್ ರಾಡಿಗೆ. ಗಾಡಿ ಎತ್ತರಿಸಿದರೆ ರಾಡ್ ಓರೆಯಾಗುತ್ತದೆ, ಡ್ಯಾಂಪರೂ ಅದರ ಜೊತೆ ಓರೆಯಾಗಿ ಉದ್ದ ಬದಲಾಗುತ್ತದೆ.

ಹಾಗಾಗಿ ಗಾಡಿ ಸಮತಟ್ಟಾದ ನೆಲದಲ್ಲಿರುವಾಗ ಎರಡು ಬೋಲ್ಟುಗಳ ನಡುವಿನ ದೂರವನ್ನು ಮೂರು ಸಲ ಅಳೆಯಿರಿ: ಚಕ್ರ ನೇರವಾಗಿದ್ದಾಗ, ಪೂರ್ತಿ ಎಡಕ್ಕೆ ತಿರುಗಿಸಿದಾಗ, ಪೂರ್ತಿ ಬಲಕ್ಕೆ ತಿರುಗಿಸಿದಾಗ. ಆಮೇಲೆ ಚಾಸಿಯನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಆಕ್ಸಲ್ ಜೋತುಬಿದ್ದಾಗ ಮತ್ತೆ ಅಳೆಯಿರಿ. ಅತಿ ಕಡಿಮೆ 330 ಮಿ.ಮೀ., ಅತಿ ಹೆಚ್ಚು 510 ಬಂತು ಎಂದಿಟ್ಟುಕೊಳ್ಳಿ. ಎರಡೂ ಕಡೆ 15 ಮಿ.ಮೀ. ಬಿಡುವು ಬೇಕು. ಅಂದರೆ ಒತ್ತಿದಾಗ 315ಕ್ಕಿಂತ ಉದ್ದ ಇರಬಾರದು, ಎಳೆದಾಗ 525ಕ್ಕಾದರೂ ಬರಬೇಕು. ಈ ಬಿಡುವು ಇಲ್ಲದಿದ್ದರೆ ಚಕ್ರ ಪೂರ್ತಿ ತಿರುಗುವ ಮೊದಲೇ ಡ್ಯಾಂಪರ್ ಕೊನೆ ಮುಟ್ಟಿ ತಡೆಯುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಅದನ್ನು ಕಂಡುಕೊಳ್ಳುವುದು ಬೇಡ. ತುದಿಯಲ್ಲಿ ಬುಷ್ ಇರುವ ಕಣ್ಣೋ, ಥ್ರೆಡ್ ಇರುವ ಪಿನ್ನೋ, ಬೋಲ್ಟಿನ ದಪ್ಪ ಎಷ್ಟು ಎಂಬುದನ್ನೂ ಬರೆದುಕೊಳ್ಳಿ. ಹಳೆಯ ಡ್ಯಾಂಪರನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗುವುದು ಇನ್ನೂ ಒಳ್ಳೆಯದು.

ಗ್ಯಾಸ್ ತುಂಬಿದ್ದೋ ಬರೀ ಎಣ್ಣೆಯದೋ ಎಂದು ಅಂಗಡಿಯವರು ಕೇಳುತ್ತಾರೆ. ಒತ್ತಿ ಬಿಟ್ಟಾಗ ರಾಡ್ ತಾನಾಗಿ ಹೊರಗೆ ಬಂದರೆ ಅದರಲ್ಲಿ ಗ್ಯಾಸ್ ಒತ್ತಡವಿದೆ. ಅಂಥದ್ದು ಸ್ಟೀರಿಂಗನ್ನು ಸದಾ ಒಂದು ಬದಿಗೆ ತಳ್ಳುತ್ತಿರುತ್ತದೆ. ಒತ್ತಿದಲ್ಲೇ ನಿಲ್ಲುವ ಎಣ್ಣೆಯದನ್ನೇ ನಾನು ಆರಿಸಿದೆ. ಸ್ಪ್ರಿಂಗ್ ಸುತ್ತಿದ, ಸ್ಟೀರಿಂಗನ್ನು ನಡುವಿಗೆ ತಂದು ನಿಲ್ಲಿಸುತ್ತೇನೆನ್ನುವ ಬಗೆಯದೂ ಸಿಗುತ್ತದೆ. ಅದು ಅಲೈನ್‌ಮೆಂಟಿನ ತಪ್ಪನ್ನು ಮುಚ್ಚಿಡುತ್ತದೆ ಎಂಬುದು ನನ್ನ ಅಭಿಪ್ರಾಯ, ಮಗ ಒಪ್ಪುವುದಿಲ್ಲ. ಎರಡು ಡ್ಯಾಂಪರ್ ಒಟ್ಟಿಗೆ ಹಾಕಿಸುವ ಆಸೆಯೂ ಅವನಿಗಿತ್ತು. ಪವರ್ ಸ್ಟೀರಿಂಗ್ ಇಲ್ಲದ ನಮ್ಮ ಗಾಡಿಯಲ್ಲಿ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ಹಿಂದಿರುಗುವುದೂ ನಿಂತುಹೋದೀತು ಎಂದು ನಾನೇ ಬೇಡವೆಂದೆ.

ನಮಗೆ ಹಾಕಿದ್ದ ಶಾಕ್ ಅಬ್ಸಾರ್ಬರ್ ಏಕೆ ಕೆಲಸ ಮಾಡಲಿಲ್ಲ? ನೆಟ್ಟಗೆ ನಿಲ್ಲಲು ಮಾಡಿದ ಎರಡು ಕೊಳವೆಯದನ್ನು ಮಲಗಿಸಿದರೆ ಒಳಗಿನ ಗಾಳಿ ಎಣ್ಣೆಯೊಂದಿಗೆ ಬೆರೆತು ಬಿಗಿ ತಪ್ಪುತ್ತದೆ. ಜೊತೆಗೆ ಸಾಮಾನ್ಯವಾಗಿ ಅದು ಎಳೆತಕ್ಕೆ ಹೆಚ್ಚು, ಒತ್ತಿಗೆ ಕಡಿಮೆ ತಡೆ ಕೊಡುತ್ತದೆ. ಹೀಗಾಗಿ ಸ್ಟೀರಿಂಗ್ ಒಂದು ಬದಿಗೆ ಭಾರ, ಇನ್ನೊಂದು ಬದಿಗೆ ಹಗುರ. ಮಲಗಿಸಿ ಹಾಕಲೆಂದೇ ಮಾಡಿದ್ದು ಹೌದೇ ಎಂದು ಕೇಳಿಯೇ ದುಡ್ಡು ಕೊಡಿ.

ಹಾಕಿಸಿದ ಮೇಲೆ ಚಕ್ರವನ್ನು ಎರಡೂ ಕೊನೆಗೆ ತಿರುಗಿಸಿ, ಡ್ಯಾಂಪರ್ ಸ್ಪ್ರಿಂಗಿಗೋ ಬ್ರೇಕ್ ಪೈಪಿಗೋ ತಾಗುತ್ತದೆಯೇ ಎಂದು ಬಗ್ಗಿ ನೋಡಿ. ರಾಡಿಗೆ ಹಿಡಿಸುವ ಯು-ಕ್ಲ್ಯಾಂಪ್ ಇದ್ದರೆ ಅದು ಜಾರುವ ಸಾಧ್ಯತೆ ಇದೆ. ಪಕ್ಕದಲ್ಲಿ ಬಣ್ಣದ ಗೆರೆ ಎಳೆದಿಟ್ಟು, ವಾರ ಬಿಟ್ಟು ಗೆರೆ ಅಲ್ಲೇ ಇದೆಯೇ ಎಂದು ನೋಡಿ ಮತ್ತೊಮ್ಮೆ ಬಿಗಿ ಮಾಡಿಸಿ.

ವೃಥಾ ಬದಲಾಯಿಸಿದ್ದ ಆ ಮೊದಲನೆಯ ಡ್ಯಾಂಪರ್ ಈಗ ನಮ್ಮ ತೋಟದ ಗೇಟಿನಲ್ಲಿದೆ. ಗಾಳಿಗೆ ಗೇಟು ಬಡಿದುಕೊಳ್ಳುವುದು ನಿಂತಿದೆ.