ದುಡಿಮೆ ನಿಂತಾಗ ಕಾಳು, ಸೊಪ್ಪು ಬಿಡದೆ ಮನೆ ತೂಗಿಸುವುದು ಹೇಗೆ

ಕೆಲಸ ಹೋದಾಗ, ಬೆಲೆ ಏರಿದಾಗ ತಟ್ಟೆಯಲ್ಲಿ ಅನ್ನ ಕಡಿಮೆಯಾಗುವುದು ಕೊನೆಗೆ. ಅದಕ್ಕೂ ಮೊದಲು ಮೊಟ್ಟೆ, ಹಾಲು, ಹಣ್ಣು ನಿಲ್ಲುತ್ತವೆ, ಸಾರು ನೀರಾಗುತ್ತದೆ. ಹೊಟ್ಟೆ ತುಂಬುವುದರಿಂದ ಕೊರತೆ ಕಣ್ಣಿಗೆ ಬೀಳುವುದಿಲ್ಲ. 1997–98ರ ಆರ್ಥಿಕ ಬಿಕ್ಕಟ್ಟಿನಲ್ಲಿ ಇಂಡೊನೇಷ್ಯಾದ ಮಧ್ಯ ಜಾವಾದಲ್ಲಿ ಹೀಗೇ ಆಯಿತು. ಮಕ್ಕಳ ತೂಕ ಅಷ್ಟಾಗಿ ಇಳಿಯಲಿಲ್ಲ, ರಕ್ತಹೀನತೆ ಮಾತ್ರ ಹೆಚ್ಚಿತು. ಮಕ್ಕಳಿಗಾಗಿ ತಮ್ಮ ಪಾಲು ಬಿಟ್ಟ ತಾಯಂದಿರು ಸೊರಗಿದರು.

ಹಾಗಾಗಿ ತಿಂಗಳ ದಿನಸಿಯಲ್ಲಿ ಕಾಳಿನ ದುಡ್ಡನ್ನು ಮೊದಲು ತೆಗೆದಿಡಿ. ರೇಷನ್ ಅಕ್ಕಿಯಿಂದ ಉಳಿದ ಹಣವೂ ಕಾಳಿಗೇ ಹೋಗಲಿ, ಬಿಸ್ಕತ್ತಿಗಲ್ಲ. ತೊಗರಿಬೇಳೆ ಕೈಗೆಟುಕದಿದ್ದರೆ ಹುರುಳಿ ತನ್ನಿ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ತೊಗರಿಗಿಂತ ಕಡಿಮೆಯೇನಲ್ಲ.

ನಾಲ್ಕು ಜನರ ಒಂದು ಹೊತ್ತಿಗೆ 200 ಗ್ರಾಂ ಹುರುಳಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಮೊಳಕೆ ಬರಿಸಿ. ಮೊಳೆತ ಕಾಳಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಕಾಳು ಮುಕ್ಕಾಲು ಬೆಂದ ಮೇಲೆ ಒಂದು ಕಟ್ಟು ದಂಟಿನ ಸೊಪ್ಪು ಹಾಕಿ, ಬೆಂದಾಗ ಬಸಿಯಿರಿ. ಬಸಿದ ನೀರನ್ನು ಚೆಲ್ಲಬೇಡಿ, ಅದರಿಂದಲೇ ಬಸ್ಸಾರು. ಕಾಳು–ಸೊಪ್ಪಿಗೆ ಎರಡು ಚಮಚ ಎಣ್ಣೆಯ ಒಗ್ಗರಣೆ ಕೊಡಿ. ಎಣ್ಣೆಯನ್ನು ಪೂರ್ತಿ ಬಿಟ್ಟರೆ ಸೊಪ್ಪಿನ ‘ಎ’ ಜೀವಸತ್ವ ದೇಹಕ್ಕೆ ಸರಿಯಾಗಿ ಸೇರದು. ಬಡಿಸುವಾಗ ನಿಂಬೆ ಹಿಂಡಿ. ಉಂಡ ಕೂಡಲೇ ಟೀ ಕುಡಿದರೆ ಇಷ್ಟು ಶ್ರಮಪಟ್ಟು ಒದಗಿಸಿದ ಕಬ್ಬಿಣ ಸರಿಯಾಗಿ ಹೀರಲ್ಪಡುವುದಿಲ್ಲ, ಒಂದು ಗಂಟೆಯಾದರೂ ತಡೆಯಿರಿ.

ಹಾಲು ಕಡಿಮೆಯಾದ ಮನೆಯಲ್ಲಿ ದಿನಕ್ಕೊಂದು ಹೊತ್ತು ರಾಗಿ ಇರಲೇಬೇಕು; ಅದರಷ್ಟು ಕ್ಯಾಲ್ಸಿಯಂ ಇರುವ ಬೇರೆ ಧಾನ್ಯವಿಲ್ಲ. ಮಗುವಿನ ಗಂಜಿಯಲ್ಲೇ ಹೆಚ್ಚಾಗಿ ಎಡವುವುದು. ಹಿಟ್ಟು ಉಳಿಸಲೆಂದು ನೀರು ಹೆಚ್ಚಿಸಿದರೆ ಪುಟ್ಟ ಹೊಟ್ಟೆ ನೀರಿನಲ್ಲೇ ತುಂಬುತ್ತದೆ. ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ರಾಗಿಹಿಟ್ಟು ಅಷ್ಟು ಗಟ್ಟಿಯಾಗದು, ಅದೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಅದಕ್ಕೆ ಒಂದು ಚಮಚ ಶೇಂಗಾ ಪುಡಿ ಬೆರೆಸಿ. ನುಣ್ಣಗಿರಲಿ, ತರಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಅಂಗನವಾಡಿಯ ಊಟ, ಶಾಲೆಯ ಮೊಟ್ಟೆ ಮನೆಯ ಊಟದ ಜೊತೆಗೆ ಸೇರಬೇಕಾದದ್ದು. ಅಲ್ಲಿ ತಿಂದಿದ್ದಾನೆಂದು ಇಲ್ಲಿ ಕಡಿಮೆ ಬಡಿಸಬೇಡಿ. ಮನೆಯ ಹೆಂಗಸರ ಪಾಲಿನ ಕಾಳನ್ನು ಬಡಿಸುವ ಮೊದಲೇ ಬೇರೆ ಬಟ್ಟಲಿಗೆ ತೆಗೆದಿಡಿ. ಕೊನೆಗೆ ಉಂಡರೆ ಅವರಿಗೆ ತಿಳಿಸಾರಷ್ಟೇ ಉಳಿಯುತ್ತದೆ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡ ತೋಳಿನ ನಡುಭಾಗದ ಸುತ್ತಳತೆಯನ್ನು ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ನೋಡಿಸಿ. 12.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, 11.5ಕ್ಕಿಂತ ಕೆಳಗಿದ್ದರೆ, ಅಥವಾ ಎರಡೂ ಪಾದ ಊದಿದ್ದರೆ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.