ಕಾರೈ ಕೊರಕಲುಗಳಲ್ಲಿ ಓರೆಬಿಸಿಲಿನ ಹುಡುಕಾಟ: ನನ್ನ ಅನುಭವ

ಪಳೆಯುಳಿಕೆ ಹುಡುಕಲೆಂದು ತಮಿಳುನಾಡಿನ ಪೆರಂಬಲೂರಿನ ಕಾರೈಗೆ ಮನೆಮಂದಿಯನ್ನೆಲ್ಲ ಕರೆದೊಯ್ದರೆ ಬರಡು ನೆಲ ನೋಡಿ ಬರುವುದಷ್ಟೇ ಆಗುತ್ತದೆ ಎಂದು ನಮ್ಮ ಬಳಗದ ಹಲವರು ಹೇಳಿದ್ದರು. ಬೇಸಿಗೆ ರಜೆಯ ನಡುಹಗಲಿನಲ್ಲಿ ಅಲೆದು, ಮಿನುಗುವ ಜಿಪ್ಸಂ ಚೂರುಗಳನ್ನಷ್ಟೇ ಕಂಡು ಮರಳಿದವರೇ ಅವರಲ್ಲಿ ಹೆಚ್ಚು. ಆದರೆ ಹಿಂಗಾರು ಕಳೆದ ಜನವರಿಯಲ್ಲಿ, ಅದೇ ನೆಲದಲ್ಲಿ, ನನ್ನ ಚಿಕ್ಕ ಮಗಳು ಒಂದು ಗಂಟೆಯೊಳಗೆ, ಕಲ್ಲಾಗಿ ಉಳಿದ ಪುರಾತನ ಕಡಲಜೀವಿಗಳಾದ ಹತ್ತಾರು ಬೆಲೆಮ್ನೈಟ್‌ಗಳನ್ನು ತೋರಿಸಿಕೊಟ್ಟಳು.

ಅದಕ್ಕೂ ಮೊದಲು ಹಣ ಸಾಕಷ್ಟು ಕರಗಿತ್ತು. ಬೆಂಗಳೂರಿನಿಂದ ಸೇಲಂ ಮಾರ್ಗವಾಗಿ 300 ಕಿ.ಮೀ.ಗೂ ಹೆಚ್ಚು ದೂರ. ಬಾಡಿಗೆ ಕಾರು, ಚಾಲಕರ ಭತ್ಯೆ, ವಸತಿ ಸೇರಿ ಒಂದು ಸಲಕ್ಕೆ ಸುಮಾರು 18,000 ರೂಪಾಯಿ. ಹಗ್ಗ ಕಟ್ಟಿ ಚೌಕ ಹಾಕಿ ಹುಡುಕುವ ಕ್ರಮದಿಂದ ಏನೂ ಸಿಗಲಿಲ್ಲ, ಮಕ್ಕಳು ಬೇಸತ್ತರು. ಫಲ ಕೊಟ್ಟದ್ದು ಒಂಬತ್ತು ಗಂಟೆಯೊಳಗಿನ ಓರೆಬಿಸಿಲು. ಮಳೆ ಜೇಡಿಮಣ್ಣನ್ನು ತೊಳೆದು, ಗಟ್ಟಿಯಾದವನ್ನೆಲ್ಲ ಇಳಿಜಾರಿನ ಬುಡದಲ್ಲಿ ಬಿಟ್ಟಿರುತ್ತದೆ. ಸೂರ್ಯನಿಗೆ ಎದುರಾಗಿ ಮಂಡಿಯೂರಿ ಕುಳಿತರೆ ಪ್ರತಿಯೊಂದರ ನೆರಳೂ ಉದ್ದವಾಗಿ ಕಾಣುತ್ತದೆ. ಸಿಕ್ಕಿದ್ದನ್ನು ಉಗುರಿನಿಂದ ಕೆರೆದಾಗ ಗೀರು ಬಿದ್ದರೆ ಅದು ಜಿಪ್ಸಂ. ಬೀಳದೆ, ಮುರಿದ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಹರಡಿದ ಗೆರೆಗಳಿದ್ದರೆ ಬೆಲೆಮ್ನೈಟ್. ಬೊಂಡಾಸಿನ (ಸ್ಕ್ವಿಡ್) ಈ ದೂರದ ನಂಟರು ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಈಜಿದ ಸಮುದ್ರದ ತಳದಲ್ಲಿ ನಾವು ಕುಳಿತಿದ್ದೇವೆ ಎಂದಾಗ ನನ್ನ ಅಮ್ಮನೂ ಸೆರಗು ಕಟ್ಟಿ ಹುಡುಕಲು ಕೂತರು. ನಾವು ಕೂತ ಕೊರಕಲು ಯಾವುದೆಂದು ಇಲ್ಲಿ ಬರೆಯುವುದಿಲ್ಲ; ಜನ ಮುಗಿಬಿದ್ದರೆ ಆ ಇಳಿಜಾರು ಉಳಿಯುವುದಿಲ್ಲ.

ಬಿಸಿಲೇರಿದ ಮೇಲೆ ಹತ್ತಿರದ ಸಾತನೂರಿಗೆ ಹೋಗಬೇಕು. ಭೂವೈಜ್ಞಾನಿಕ ಸರ್ವೇಕ್ಷಣೆಯ ಎಂ. ಎಸ್. ಕೃಷ್ಣನ್ 1940ರಲ್ಲಿ ಗುರುತಿಸಿದ, ಸುಮಾರು 18 ಮೀಟರ್ ಉದ್ದದ ಕಲ್ಲಾದ ಮರದ ಕಾಂಡ ಅಲ್ಲಿದೆ. ನೆಲದ ಮರವೊಂದು ಕಡಲ ಕೆಸರಿನಲ್ಲಿ ಹೂತುಹೋದದ್ದು ಹೇಗೆಂದು ಮಕ್ಕಳಿಗೆ ವಿವರಿಸುವುದರಲ್ಲೇ ನಮ್ಮ ಮಧ್ಯಾಹ್ನ ಕಳೆಯಿತು.

ನಾವು ಅಗೆಯುವುದೂ ಇಲ್ಲ, ಏನನ್ನೂ ಎತ್ತಿ ತರುವುದೂ ಇಲ್ಲ. ಅದರ ಬದಲಿಗೆ, ಸುರುಳಿ ಚಿಪ್ಪಿನ ಕಡಲಜೀವಿಯ ಪಳೆಯುಳಿಕೆಯಾದ ಅಮೋನೈಟ್‌ನ ಅಚ್ಚು ತೆಗೆಯಲು ನೋಡಿದೆವು. ಮೊದಲ ಅಚ್ಚುಗಳು ಕಾರಿನ ಕಾವಿಗೆ ಸೊಟ್ಟಗಾದವು. ಈಗ ಗಟ್ಟಿ ಗುಂಡುಕಲ್ಲಿನ ಮೇಲಿರುವುದನ್ನೇ ಆರಿಸಿ, ಟಾಲ್ಕಂ ಪುಡಿ ಸವರಿ, ಮಕ್ಕಳ ಆಟದ ಜೇಡಿ ಒತ್ತಿ, ಆ ಅಚ್ಚನ್ನು ಪಕ್ಕಕ್ಕಿಟ್ಟು ಸ್ಥಳದಲ್ಲೇ ಪ್ಲಾಸ್ಟರ್ ಹೊಯ್ಯುತ್ತೇವೆ. ಅರ್ಧ ಗಂಟೆಗೆ ಬಿಗಿಯುತ್ತದೆ, ಒಂದಕ್ಕೆ ಐವತ್ತು ರೂಪಾಯಿಯೂ ಆಗುವುದಿಲ್ಲ. ಪ್ಲಾಸ್ಟರಿಗೆ ನೀರು ಬೆರೆಸುವ ನನ್ನ ಹದವನ್ನು ಮಾತ್ರ ಜೊತೆಗೆ ಬಂದವರಿಗಷ್ಟೇ ತೋರಿಸುತ್ತೇನೆ.